ರಾಜ್ಯದ ಹೊರಗೆ ಒಂದು ದಿನವೂ ಇಲ್ಲ

ಚೆಯೆನ್, ವಯೋಮಿಂಗ್
9 ಮಾರ್ಚ್ 2010

ಶ್ರೀ ಹಾರ್ಲನ್ ಸ್ಟ್ರೌಡ್ ಅವರಿಗೆ,

ಮಾನ್ಯರೇ,

ಈ ವರ್ಷದ ಮೂಸ್ ಕಡವೆಯ ಬೇಟೆಯ ಪರವಾನಗಿಗಾಗಿ ನೀವು ರಾಜ್ಯದ ನಿವಾಸಿಗಳ ವಿಭಾಗದಲ್ಲಿ ಹಾಕಿದ ಅರ್ಜಿ ಫೆಬ್ರವರಿ 24ರಂದು ನಮಗೆ ತಲುಪಿದೆ. ಅದರಲ್ಲಿ ನಿಮ್ಮ ವಿಳಾಸ ಆರ್ಲೋ, ವಯೋಮಿಂಗ್ ಎಂದಿದೆ. ಲಕೋಟೆಯ ಮೇಲಿನ ಅಂಚೆ ಮುದ್ರೆ ಮಾತ್ರ ನೆಬ್ರಾಸ್ಕಾದ್ದು. ಕಳೆದ ಬೇಸಿಗೆಯಲ್ಲಿ ನಾವು ಆರ್ಲೋಗೆ ಕಳುಹಿಸಿದ ಪತ್ರವೂ ನೆಬ್ರಾಸ್ಕಾದ ಆಲ್ಡನ್‌ಗೆ ಹೋಗಿ ಅಲ್ಲಿಂದ ಉತ್ತರ ಬಂದಿದೆ.

ಬೇರೆ ರಾಜ್ಯಕ್ಕೆ ಹೋಗಿ ನೆಲೆಸಿದವರು ನಿವಾಸಿಯೆಂದು ಹೇಳಿಕೊಂಡು ಅರ್ಜಿ ಹಾಕುವುದು ಅಪರಾಧ. ಚೀಟಿ ಎತ್ತಿದಾಗ ಹೆಸರು ಬಾರದ ಪ್ರತಿ ವರ್ಷಕ್ಕೊಂದರಂತೆ ನಿಮ್ಮ ಹೆಸರಿನಲ್ಲಿ ಹದಿನೈದು ವರ್ಷಗಳ ಹದಿನೈದು ಅಂಕಗಳಿವೆ. ಅಂಕ ಹೆಚ್ಚಿದಷ್ಟೂ ಪರವಾನಗಿ ಸಿಗುವ ಸಾಧ್ಯತೆ ಹೆಚ್ಚು. ತಪ್ಪು ಹೇಳಿಕೆಯೆಂದು ಸಾಬೀತಾದರೆ ಅಷ್ಟೂ ಹೋಗುತ್ತವೆ. ಕಳೆದ ಹನ್ನೆರಡು ತಿಂಗಳಲ್ಲಿ ನೀವು ರಾಜ್ಯದ ಹೊರಗೆ ಕಳೆದ ದಿನಗಳನ್ನು ಲಗತ್ತಿಸಿದ ನಮೂನೆಯಲ್ಲಿ ತುಂಬಿ, ಸಹಿ ಮಾಡಿ, ಮಾರ್ಚ್ ಕೊನೆಯೊಳಗೆ ಕಳುಹಿಸಬೇಕು.

ಆರ್ಡಿಸ್ ಕೆಲ್ಸೋ
ಪರವಾನಗಿ ವಿಭಾಗ


ಆಲ್ಡನ್, ನೆಬ್ರಾಸ್ಕಾ
17 ಮಾರ್ಚ್ 2010

ಶ್ರೀಮತಿ ಕೆಲ್ಸೋ ಅವರಿಗೆ,

ನಾನು ಹಾರ್ಲನ್ ಅವರ ಹೆಂಡತಿ ಟ್ವೈಲಾ. ಪತ್ರ ನನ್ನ ಕೈಗೆ ಬಂದದ್ದರಿಂದ ನಾನೇ ಉತ್ತರಿಸುತ್ತಿದ್ದೇನೆ.

ನೆಬ್ರಾಸ್ಕಾಗೆ ಬಂದಿರುವುದು ನಾನು. ತಂಗಿ ಜೋಲೀನ್‌ಗೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು, ಅವಳ ಮನೆಯಲ್ಲಿದ್ದೇನೆ. ಆರ್ಲೋಗೆ ಬರುವ ಅಂಚೆಯನ್ನು ಇಲ್ಲಿಗೆ ತಿರುಗಿಸಿಕೊಂಡವಳೂ ನಾನೇ. ಹಾರ್ಲನ್ ವಯೋಮಿಂಗ್ ಬಿಟ್ಟು ಬಂದಿಲ್ಲ. ಅವರು ಬೆಟ್ಟದಲ್ಲಿದ್ದಾರೆ, ಕೆಟಲ್ ತೊರೆಯ ಕಡೆ. ಅಲ್ಲಿಗೆ ಅಂಚೆ ಹೋಗುವುದಿಲ್ಲ, ಫೋನೂ ಸಿಗುವುದಿಲ್ಲ. ನಿಮ್ಮ ನಮೂನೆಯ ಪ್ರಶ್ನೆಗೆ ನಾನು ‘ಒಂದು ದಿನವೂ ಇಲ್ಲ’ ಎಂದು ಬರೆದಿದ್ದೇನೆ. ಬೈಬಲ್ ಮುಟ್ಟಿ ಹೇಳು ಎಂದರೂ ಹೇಳುತ್ತೇನೆ.

ಹದಿನೈದು ಅಂಕ ಎಂದು ನೀವು ಒಂದು ಸಾಲಿನಲ್ಲಿ ಬರೆದಿರಿ. ನಮ್ಮ ಮನೆಯಲ್ಲಿ ಅದು ಹದಿನೈದು ವರ್ಷಗಳ ಫೆಬ್ರವರಿ ತಿಂಗಳುಗಳು. ಪ್ರತಿ ವರ್ಷ ಊಟದ ಮೇಜು ಒರೆಸಿ, ಕನ್ನಡಕ ಹಾಕಿಕೊಂಡು, ಅರ್ಜಿ ತುಂಬಲು ಕೂರುತ್ತಿದ್ದರು. “ಈ ವರ್ಷ ಬಂದೇ ಬರುತ್ತೆ ಕಣೇ, ಫ್ರೀಜರ್ ಖಾಲಿ ಮಾಡಿಡು” ಎನ್ನುತ್ತಿದ್ದರು. “ನಮ್ಮ ಟ್ರಕ್ಕಿಗಿಂತ ಎತ್ತರದ ಪ್ರಾಣಿನ ಯಾವ ಫ್ರೀಜರಲ್ಲಿ ತುರುಕಲಿ?” ಎಂದು ನಾನು ಕೇಳುತ್ತಿದ್ದೆ. ಜೂನ್ ಹೊತ್ತಿಗೆ ‘ನಿಮ್ಮ ಹೆಸರು ಬಂದಿಲ್ಲ’ ಎಂಬ ನಿಮ್ಮ ಕಾಗದ ಬರುತ್ತಿತ್ತು. ಅದನ್ನು ಮಡಚಿ ಡ್ರಾಯರಿಗೆ ಹಾಕಿ, “ಇನ್ನೊಂದು ಅಂಕ ಸಿಕ್ತು” ಎನ್ನುತ್ತಿದ್ದರು.

ಎರಡು ವರ್ಷ ಸತತವಾಗಿ ಅರ್ಜಿ ಹಾಕದಿದ್ದರೆ ಎಲ್ಲ ಅಂಕಗಳನ್ನೂ ಅಳಿಸುತ್ತೀರೆಂದು ನನಗೆ ಗೊತ್ತು. ಅದು ಆಗಬಾರದು.

ಅವರು ಕೆಳಗೆ ಇಳಿದ ದಿನ ನಿಮಗೆ ತಿಳಿಸುತ್ತೇನೆ.

ಟ್ವೈಲಾ ಸ್ಟ್ರೌಡ್


ಚೆಯೆನ್
30 ಮಾರ್ಚ್ 2010

ಶ್ರೀಮತಿ ಸ್ಟ್ರೌಡ್ ಅವರಿಗೆ,

ನಮೂನೆ ತಲುಪಿದೆ. ಒಂದು ತೊಡಕಿದೆ.

ನಿಮ್ಮ ಪತಿಯ ಹಳೆಯ ಅರ್ಜಿಗಳನ್ನೆಲ್ಲ ತೆಗೆದು ನೋಡಿದೆ. 1995ರಿಂದ 2008ರವರೆಗೆ ಅವರು ಬರೆದ ಪ್ರತಿಯೊಂದು ‘7’ರ ನಡುವೆ ಅಡ್ಡಗೆರೆ ಇದೆ. ಹುಟ್ಟಿದ ದಿನಾಂಕದಲ್ಲೇ ಎರಡು ಏಳು ಬರುತ್ತವೆ, ಎರಡಕ್ಕೂ ಗೆರೆ. ಕಳೆದ ವರ್ಷದ ಮತ್ತು ಈ ವರ್ಷದ ಅರ್ಜಿಗಳಲ್ಲಿ ಯಾವ ಏಳಕ್ಕೂ ಗೆರೆ ಇಲ್ಲ. ಆ ಎರಡು ಅರ್ಜಿಗಳ ಅಂಕಿಗಳೂ ನಿಮ್ಮ ಪತ್ರದ ದಿನಾಂಕದಲ್ಲಿರುವ ಏಳೂ ಒಂದೇ ಕೈಯವು.

ನಿಮ್ಮ ಮನೆಯ ವಿಷಯ ಕೇಳುವ ಹಕ್ಕು ನನಗಿಲ್ಲ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಆದ ಸಂಸಾರಗಳ ಅರ್ಜಿಗಳನ್ನು ನಾನು ಬಹಳ ನೋಡಿದ್ದೇನೆ. ಇಬ್ಬರೂ ಮಾತು ಬಿಟ್ಟಿದ್ದರೆ ಅದಕ್ಕೆ ನಾನೇನೂ ಮಾಡಲಾರೆ. ಆದರೆ ಅರ್ಜಿದಾರರ ಸಹಿಯನ್ನು ಅರ್ಜಿದಾರರೇ ಹಾಕಬೇಕು. ಅವರು ಆರ್ಲೋದ ವನ್ಯಜೀವಿ ವಾರ್ಡನ್ ಕಚೇರಿಗೆ ಬಂದು ಒಂದು ಸಹಿ ಹಾಕಿದರೆ ಸಾಕು. ನೀವು ಹೇಳಿದರೆ ಕೇಳದಿದ್ದರೆ ಯಾರಾದರೂ ಗೆಳೆಯರಿಂದ ಹೇಳಿಸಿ.

ಆರ್ಡಿಸ್ ಕೆಲ್ಸೋ


ಆಲ್ಡನ್
8 ಏಪ್ರಿಲ್ 2010

ಶ್ರೀಮತಿ ಕೆಲ್ಸೋ ಅವರಿಗೆ,

ನಾವು ಮಾತು ಬಿಟ್ಟಿಲ್ಲ. ನಾನು ದಿನವೂ ಮಾತಾಡುತ್ತೇನೆ.

ಏಳಿನ ವಿಷಯ ನನಗೆ ನೆನಪಾಗಲೇ ಇಲ್ಲ. ಸೈನ್ಯದಲ್ಲಿದ್ದಾಗ ಎರಡು ವರ್ಷ ಜರ್ಮನಿಯಲ್ಲಿದ್ದರು, ಅಲ್ಲಿಂದ ತಂದದ್ದು ಒಂದು ಜೇಬುಗಡಿಯಾರ ಮತ್ತು ಆ ಗೆರೆ. ಗಡಿಯಾರ ನಿಂತುಹೋಯಿತು. “ಗೆರೆ ಇಲ್ಲದ ಏಳು ಅಂದ್ರೆ ಬೆಲ್ಟ್ ಇಲ್ಲದ ಪ್ಯಾಂಟು” ಎಂದು ನಗುತ್ತಿದ್ದರು. ಮೂವತ್ತು ವರ್ಷ ಆ ಏಳುಗಳನ್ನು ಕ್ಯಾಲೆಂಡರಿನಲ್ಲಿ, ದಿನಸಿ ಪಟ್ಟಿಯಲ್ಲಿ ಕಂಡಿದ್ದೇನೆ. ಬರೆಯುವಾಗ ಮಾತ್ರ ಮರೆತೆ.

ನಿಮ್ಮ ಪತ್ರ ಬಂದ ದಿನ ಒಂದು ಹಾಳೆಯ ತುಂಬ ಅವರ ಏಳು ಬರೆದೆ. ಜೋಲೀನ್ ನೋಡಿ, “ಏನೇ ಇದು, ಒಂದನೇ ಕ್ಲಾಸಿಗೆ ಸೇರ್ಕೊಂಡ್ಯಾ?” ಎಂದಳು. ಆ ಹಾಳೆಯನ್ನು ನಿಮಗೆ ಕಳುಹಿಸುತ್ತಿಲ್ಲ.

ಅವರಿಂದ ಸಹಿ ಹಾಕಿಸುವುದು ನನ್ನ ಕೈಯಲ್ಲಿದ್ದರೆ ಇವತ್ತೇ ಹಾಕಿಸುತ್ತಿದ್ದೆ. ನೀವು ಚಿಕ್ಕವರಿರಬಹುದು, ನಿಮಗೆ ನಿಯಮ ದೊಡ್ಡದು. ಸ್ವಲ್ಪ ಕಾಯಿರಿ ಎಂದಷ್ಟೇ ಕೇಳುತ್ತೇನೆ.

ಟ್ವೈಲಾ ಸ್ಟ್ರೌಡ್


ಚೆಯೆನ್
2 ಜೂನ್ 2010

ಶ್ರೀಮತಿ ಸ್ಟ್ರೌಡ್ ಅವರಿಗೆ,

ನಾನು ಚಿಕ್ಕವಳಲ್ಲ. ಐವತ್ತೊಂಬತ್ತು ವರ್ಷ. ಈ ಮೇಜಿನ ಹಿಂದೆ ಕುಳಿತೇ ಮೂವತ್ತೊಂದು ವರ್ಷವಾಯಿತು.

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಮೊದಲು ಹೇಳಬೇಕಾದ್ದು: ಕಳೆದ ವಾರ ಮೂಸ್ ಪರವಾನಗಿಯ ಚೀಟಿ ಎತ್ತಲಾಯಿತು. ನಿಮ್ಮ ಪತಿಯ ಅರ್ಜಿಯನ್ನು ನಾನು ಆಗಿನ್ನೂ ತಡೆಹಿಡಿದಿರಲಿಲ್ಲ. ಅವರ ಹೆಸರು ಬಂದಿದೆ.

ಬಂದ ಹೆಸರುಗಳಲ್ಲಿ ಅನುಮಾನವಿರುವವನ್ನು ಆಯಾ ಊರಿನ ವಾರ್ಡನ್‌ಗೆ ಕಳುಹಿಸಿ ವಿಚಾರಿಸುವುದು ನಮ್ಮ ಪದ್ಧತಿ. ಆರ್ಲೋದ ರಾಸ್ ಟಿಡ್ವೆಲ್‌ಗೆ ಫೋನ್ ಮಾಡಿದೆ. ಹಾರ್ಲನ್ ಅವರ ಹೆಸರು ಹೇಳಿದೆ. ಅವನು, “ಆರ್ಡಿಸ್, ಹಾರ್ಲನ್ ಬೆಟ್ಟ ಹತ್ತಿ ಎರಡು ವರ್ಷ ಆಗ್ತಾ ಬಂತಲ್ಲಮ್ಮಾ. ಒಂಬತ್ತು ದಿನ ಹುಡುಕಿದ್ವಿ. ಸಿಗಲಿಲ್ಲ” ಎಂದ.

ನಿಮ್ಮ ಎರಡೂ ಪತ್ರಗಳನ್ನು ಮತ್ತೆ ಓದಿದೆ. ಬೆಟ್ಟದಲ್ಲಿದ್ದಾರೆ, ಅಲ್ಲಿಗೆ ಅಂಚೆ ಹೋಗುವುದಿಲ್ಲ, ರಾಜ್ಯದ ಹೊರಗೆ ಒಂದು ದಿನವೂ ಇಲ್ಲ. ಸಹಿಯೊಂದನ್ನು ಬಿಟ್ಟರೆ ನೀವು ಒಂದು ಸುಳ್ಳನ್ನೂ ಬರೆದಿಲ್ಲ. ತಪ್ಪಾಗಿ ಓದಿದವಳು ನಾನು. ಸಂಸಾರದ ಬಗ್ಗೆ ಬರೆದ ಆ ಸಾಲುಗಳಿಗಾಗಿ ಕ್ಷಮೆ ಕೇಳುತ್ತೇನೆ.

ಆದರೂ ಈ ಪರವಾನಗಿಯನ್ನು ನಾನು ಕೊಡಲಾರೆ. ಸಹಿ ಅವರದಲ್ಲ ಎಂದು ನಾನು ಬರೆದರೆ ಅವರ ಹೆಸರಿನ ಮುಂದೆ ‘ವಂಚನೆ’ ಎಂದು ದಾಖಲಾಗುತ್ತದೆ, ಅದು ಮುಂದೆಂದೂ ಅಳಿಯುವುದಿಲ್ಲ. ಅದಕ್ಕೆ ಮೊದಲು ಕುಟುಂಬದವರು ಅರ್ಜಿಯನ್ನು ಹಿಂಪಡೆದರೆ ಬರಿಯ ‘ಹಿಂಪಡೆಯಲಾಗಿದೆ’ ಎಂದಿರುತ್ತದೆ. ಕಾರಣವನ್ನು ನಿಮ್ಮ ಮಾತಿನಲ್ಲಿ ಬರೆದು, ನಿಮ್ಮ ಹೆಸರಿನಲ್ಲಿ ಸಹಿ ಹಾಕಿ ಕಳುಹಿಸಬೇಕು. ಜೂನ್ 20 ಕೊನೆಯ ದಿನ. ನಮ್ಮ ನಮೂನೆಯಲ್ಲಿ ‘ಮೃತರು’ ಎಂಬುದಕ್ಕೆ ಒಂದು ಚೌಕವಿದೆ. ‘ಕಾಣೆಯಾದವರು’ ಎಂಬುದಕ್ಕೆ ಇಲ್ಲ. ನೀವು ಯಾವ ಚೌಕವನ್ನೂ ತುಂಬಬೇಕಿಲ್ಲ.

ಆರ್ಡಿಸ್ ಕೆಲ್ಸೋ


ಆಲ್ಡನ್
15 ಜೂನ್ 2010

ಶ್ರೀಮತಿ ಕೆಲ್ಸೋ ಅವರಿಗೆ,

ಹೆಸರು ಬಂದಿದೆ ಎಂಬ ಸಾಲಿಗೆ ಬಂದಾಗ ಎದ್ದು ನಿಂತೆ. ಬಾಗಿಲ ಕಡೆ ತಿರುಗಿ, “ಹಾರ್ಲನ್, ಬಂತು ಕಣೋ!” ಎಂದು ಕೂಗಿಯೇಬಿಟ್ಟೆ. ಜೋಲೀನ್ ಊರುಗೋಲು ಹಿಡಿದು ಒಳಗಿನಿಂದ ಬಂದಳು. ಪತ್ರವನ್ನು ಅವಳ ಕೈಗೆ ಕೊಟ್ಟೆ. ಅವಳು ಕೊನೆಯವರೆಗೂ ಓದಿದಳು. ನಾನು ಆಮೇಲೆ ಓದಿದೆ.

ನಡೆದದ್ದನ್ನು ಹೇಳುತ್ತೇನೆ. 2008ರ ಅಕ್ಟೋಬರ್ 9, ಗುರುವಾರ. ಹಾರ್ಲನ್ ಎಲ್ಕ್ ಜಿಂಕೆಯ ಬೇಟೆಗೆ ಹೊರಟಿದ್ದ. ಬೆಟ್ಟದ ತೆಂಕಣ ಬದಿಗೆ, ಕೆಟಲ್ ತೊರೆಯ ಹತ್ತಿರ ನಮ್ಮ ಹಳೆಯ ಬಿಡಾರದ ಜಾಗವಿದೆ. ಮದುವೆಯಾದ ಮೊದಲ ಇಪ್ಪತ್ತು ವರ್ಷ ನಾನೂ ಹೋಗುತ್ತಿದ್ದೆ. ನನಗೂ ಬಂದೂಕು ಹಿಡಿಯಲು ಬರುತ್ತದೆ. ಆಮೇಲೆ ಚಳಿ, ಒದ್ದೆ ಸೌದೆಯ ಹೊಗೆ ಸಾಕೆನಿಸಿ ನಿಲ್ಲಿಸಿದೆ. ಶಾಲೆಯ ಅಡುಗೆಮನೆಯಲ್ಲಿ ನನಗೆ ಕೆಲಸ, ದಿನಕ್ಕೆ ಇನ್ನೂರು ತಟ್ಟೆ. ಅವನು ಬೆಟ್ಟಕ್ಕೆ ಹೋದ ವಾರ ಮನೆಯಲ್ಲಿ ಒಲೆ ಹಚ್ಚದೆ ಕೂರುವುದೇ ನನಗೆ ರಜೆ.

ಕುದುರೆಯನ್ನು ಟ್ರೈಲರಿಗೆ ಹತ್ತಿಸಿ ನನ್ನ ಹತ್ತಿರ ಬಂದ.

“ಈ ಸಲ ಬಾರೇ. ಕಾಫಿ ನಾನೇ ಮಾಡ್ತೀನಿ.”

“ನಿನ್ನ ಕಾಫಿ ವಾಸನೆಗೆ ಎಲ್ಕ್ ಎಲ್ಲಾ ಬೆಟ್ಟ ಬಿಟ್ಟು ಓಡುತ್ವೆ. ಹೋಗಯ್ಯಾ ನೀನು.”

“ನಿನ್ನ ಜಾಗ ಖಾಲಿ ಬಿಟ್ಟಿರ್ತೀನಿ.”

“ಬಿಟ್ಕೋ. ಭಾನುವಾರ ಬರ್ತಾ ಬೂಟು ಹೊರಗೇ ಕಳಚು.”

ನಾವು ಆಡಿದ ಕೊನೆಯ ಮಾತು ಬೂಟಿನದು. ಶನಿವಾರ ಹಿಮ ಬಿತ್ತು. ಸೋಮವಾರ ಬೆಟ್ಟದ ಬುಡದಲ್ಲಿ ಟ್ರಕ್ಕು ಸಿಕ್ಕಿತು. ಮಂಗಳವಾರ ಬಡಗಣ ಕಣಿವೆಯಲ್ಲಿ ಕುದುರೆ ಸಿಕ್ಕಿತು, ಜೀನು ಹಾಗೇ ಇತ್ತು. ಬಿಡಾರದ ಜಾಗದಲ್ಲಿ ಡೇರೆ ಇರಲಿಲ್ಲ. ಅವನು ಅಲ್ಲಿಗೆ ತಲುಪಲೇ ಇಲ್ಲ, ದಾರಿಯಲ್ಲಿ ಬಡಗಣಕ್ಕೆ ತಿರುಗಿದ್ದಾನೆ ಎಂದು ತೀರ್ಮಾನಿಸಿ ಆ ಕಡೆಯೇ ಹುಡುಕಿದರು.

ಜೋಲೀನ್ ದಿನಾ ಹೇಳುತ್ತಾಳೆ, “ನ್ಯಾಯಾಲಯದ ಕಾಗದಕ್ಕೆ ಸಹಿ ಹಾಕೇ. ಭಾವ ಇನ್ನಿಲ್ಲ ಅಂತ ಒಪ್ಕೊಂಡ್ರೆ ನಿದ್ದೆನಾದ್ರೂ ಬರುತ್ತೆ.” ಒಪ್ಪಿಕೊಳ್ಳುವುದಕ್ಕೆ ನಾನು ಏನನ್ನೂ ನೋಡಿಲ್ಲ. ಒಂದು ಬೂಟನ್ನೂ ನೋಡಿಲ್ಲ. ಒಂದು ವೇಳೆ ಬಂದರೆ ಮೊದಲು ಕೇಳುವುದು ಅಂಕದ ಬಗ್ಗೆಯೇ ಎಂದು ಗೊತ್ತಿತ್ತು. ಅದಕ್ಕೇ ಅರ್ಜಿ ಹಾಕಿದೆ.

ಹಾರ್ಲನ್ ಸ್ಟ್ರೌಡ್ ಅವರ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ. ಕಾರಣ: ಅರ್ಜಿದಾರರು ಬೆಟ್ಟದಿಂದ ಇನ್ನೂ ಇಳಿದಿಲ್ಲ. ಅವರು ರಾಜ್ಯದಲ್ಲೇ ಇದ್ದಾರೆ. ಬಿಟ್ಟು ಬಂದವಳು ನಾನು.

ಟ್ವೈಲಾ ಸ್ಟ್ರೌಡ್


ಚೆಯೆನ್
1 ಜುಲೈ 2010

ಶ್ರೀಮತಿ ಸ್ಟ್ರೌಡ್ ಅವರಿಗೆ,

ಅರ್ಜಿಯನ್ನು ಹಿಂಪಡೆದದ್ದು ದಾಖಲಾಗಿದೆ. ಕಾರಣದ ಜಾಗದಲ್ಲಿ ನಿಮ್ಮ ಮಾತುಗಳನ್ನು ಹಾಗೆಯೇ ಸೇರಿಸಿದ್ದೇನೆ.

ಚೀಟಿಯಲ್ಲಿ ಬಂದದ್ದು ರದ್ದಾದ್ದರಿಂದ ಹದಿನೈದು ಅಂಕಗಳು ಇದ್ದ ಹಾಗೆಯೇ ಇವೆ. 2011ರಲ್ಲೂ 2012ರಲ್ಲೂ ಯಾರೂ ಅರ್ಜಿ ಹಾಕದಿದ್ದರೆ 2012ರ ಫೆಬ್ರವರಿ ಕೊನೆಗೆ ಅವು ತಾವಾಗಿ ಹೋಗುತ್ತವೆ. ಅಳಿಸುವ ಕೈ ನಿಮ್ಮದೂ ಆಗಬೇಕಿಲ್ಲ, ನನ್ನದೂ ಆಗಬೇಕಿಲ್ಲ.

ಆರ್ಡಿಸ್ ಕೆಲ್ಸೋ


ಆಲ್ಡನ್
19 ಜನವರಿ 2012

ಪ್ರಿಯ ಆರ್ಡಿಸ್,

ಒಂದೂವರೆ ವರ್ಷವಾಯಿತು, ನೀವು ಅದೇ ಮೇಜಿನಲ್ಲಿದ್ದೀರೋ ಇಲ್ಲವೋ ತಿಳಿಯದು. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದಿದ್ದೇನೆ.

ನವೆಂಬರಿನಲ್ಲಿ ನ್ಯಾಯಾಲಯದ ಕಾಗದಕ್ಕೆ ಸಹಿ ಹಾಕಿದೆ. ಆರ್ಲೋದ ಮನೆಯಲ್ಲಿ ಈಗ ಶಾಲೆಯ ಹೊಸ ಮೇಷ್ಟ್ರು ಇದ್ದಾರೆ. ನನ್ನ ವಾಹನಕ್ಕೆ ನೆಬ್ರಾಸ್ಕಾದ ನಂಬರು, ನನ್ನ ಮತವೂ ಇಲ್ಲಿಯದೇ. ಜೋಲೀನ್‌ಗೆ ನಿದ್ದೆ ಬರುತ್ತದೆ. ನನಗೆ ಬರುವುದಿಲ್ಲ.

ಈ ಜೊತೆ ಒಂದು ಎಲ್ಕ್ ಅರ್ಜಿ ಇದೆ. ನನ್ನ ಹೆಸರಿನದು. ‘ಹೊರರಾಜ್ಯದವರು’ ಎಂಬ ಚೌಕದಲ್ಲಿ ಗುರುತು ಹಾಕುವಾಗ ಪೆನ್ನು ಎರಡು ಸಲ ಕೆಳಗಿಟ್ಟೆ. ನಾನು ಆ ರಾಜ್ಯದಲ್ಲಿ ಹುಟ್ಟಿದವಳು, ಐವತ್ತಾರು ವರ್ಷ ಅಲ್ಲೇ ಬದುಕಿದವಳು. ಹೋಗಲಿ, ನಿಜ ನಿಜವೇ.

ಸುಮ್ಮನೆ ನಡೆದು ಬರಲು ಪರವಾನಗಿ ಬೇಡವೆಂದು ನೀವು ಹೇಳುತ್ತೀರಿ, ಗೊತ್ತು. ಸುಮ್ಮನೆ ಹೋದರೆ ಅಳುವುದಕ್ಕೆ ಹೋದ ಹಾಗಾಗುತ್ತದೆ. ಅವನು ನನ್ನನ್ನು ಕರೆದದ್ದು ಬೇಟೆಗೆ.

ನಿಮ್ಮ ನಿಯಮಗಳ ಪುಸ್ತಕ ಓದಿದೆ. ಕೆಟಲ್ ತೊರೆ ಇರುವುದು ಕಾಯ್ದಿಟ್ಟ ಕಾಡಿನಲ್ಲಿ. ಅಲ್ಲಿ ಹೊರರಾಜ್ಯದವರು ಒಬ್ಬರೇ ಬೇಟೆಯಾಡುವಂತಿಲ್ಲ, ರಾಜ್ಯದ ನಿವಾಸಿಯೊಬ್ಬರು ಮಾರ್ಗದರ್ಶಿಯಾಗಿ ಜೊತೆಗಿರಬೇಕು. ಆ ಹೆಸರನ್ನು ಬರೆಯುವ ಹಾಳೆಯಲ್ಲಿ ‘ಹಾರ್ಲನ್ ಸ್ಟ್ರೌಡ್’ ಎಂದು ಬರೆದಿದ್ದೇನೆ. ನೀವು ಹಿಂದಕ್ಕೆ ಕಳುಹಿಸುತ್ತೀರಿ. ಆದರೂ ಆ ಸಾಲು ಓದಿದಾಗ ಬೇರೆ ಹೆಸರು ಹೊಳೆಯಲಿಲ್ಲ. ನಿವಾಸಿಯಾಗಿರಬೇಕು, ಜಾಗ ಗೊತ್ತಿರಬೇಕು, ಅಲ್ಲಿರಬೇಕು.

ಟ್ವೈಲಾ


ಚೆಯೆನ್
1 ಮಾರ್ಚ್ 2012

ಪ್ರಿಯ ಟ್ವೈಲಾ,

ಎಲ್ಕ್ ಪರವಾನಗಿ ನಿಮಗೆ ಸಿಕ್ಕಿದೆ. ಮಾರ್ಗದರ್ಶಿಯ ಹಾಳೆಯನ್ನು ಮಾತ್ರ ಹಿಂದಕ್ಕೆ ಕಳುಹಿಸುತ್ತಿದ್ದೇನೆ. ಜೊತೆಗೆ ಬರುವವರು ತಮ್ಮ ಕೈಯಿಂದಲೇ ಸಹಿ ಹಾಕಬೇಕೆಂಬುದು ನಿಯಮ. ಈ ನಿಯಮವನ್ನು ನಿಮಗೆ ಎರಡನೆಯ ಸಲ ಹೇಳಬೇಕಾಯಿತು.

ನನ್ನ ಸೊಂಟ ಗಟ್ಟಿಯಿದ್ದಿದ್ದರೆ ನಾನೇ ಸಹಿ ಹಾಕುತ್ತಿದ್ದೆ. ಸಾವಿರಾರು ಜನರನ್ನು ಆ ಬೆಟ್ಟಗಳಿಗೆ ಕಳುಹಿಸಿದ್ದೇನೆ, ಒಂದನ್ನೂ ಹತ್ತಿಲ್ಲ. ರಾಸ್ ಟಿಡ್ವೆಲ್‌ಗೆ ಫೋನ್ ಮಾಡಿದೆ. ಅವನಿಗೆ ನಿವೃತ್ತಿಯಾಗಿದೆ. “ನಾನು ಬರ್ತೀನಿ ಅಂತ ಹೇಳು. ಕುದುರೆ ನಂದು, ಊಟ ಅವಳದು. ಆ ಒಂಬತ್ತು ದಿನ ನನ್ನ ತಲೆಯಿಂದಲೂ ಹೋಗಿಲ್ಲ” ಎಂದ. ಹೊಸ ಹಾಳೆಯಲ್ಲಿ ಅವನ ಸಹಿ ಇದೆ.

ನಿನ್ನೆ ಫೆಬ್ರವರಿ 29. ಈ ವರ್ಷ ಒಂದು ದಿನ ಹೆಚ್ಚಿಗೆ ಸಿಕ್ಕಿತು. ಕಚೇರಿ ಮುಚ್ಚುವ ಮೊದಲು ಹಾರ್ಲನ್ ಅವರ ದಾಖಲೆ ತೆರೆದು ನೋಡಿದೆ, ಹದಿನೈದು ಇತ್ತು. ಇವತ್ತು ಬೆಳಿಗ್ಗೆ ನೋಡಿದೆ. ಇಲ್ಲ.

ನಿಮಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ಆರ್ಡಿಸ್


ಆರ್ಲೋ, ವಯೋಮಿಂಗ್
14 ಅಕ್ಟೋಬರ್ 2012

ಪ್ರಿಯ ಆರ್ಡಿಸ್,

ಬೇಟೆ ಮುಗಿಸಿದವರು ತುಂಬಿ ಕಳುಹಿಸಬೇಕಾದ ವರದಿ ಈ ಜೊತೆಗಿದೆ. ಬೇಟೆಯಾಡಿದ ದಿನಗಳು: ಮೂರು. ಕಂಡ ಪ್ರಾಣಿಗಳು: ಹನ್ನೊಂದು. ಕೊಂದದ್ದು: ಇಲ್ಲ.

ವರದಿಯಲ್ಲಿ ಜಾಗ ಸಾಲದ್ದನ್ನು ಇಲ್ಲಿ ಬರೆಯುತ್ತೇನೆ.

ಬಿಡಾರದ ಜಾಗದ ಅಂಚಿನಲ್ಲಿ ಒಂದು ಆಸ್ಪೆನ್ ಮರವಿದೆ, ಬಿಳಿಯ ತೊಗಟೆ. ಪ್ರತಿ ವರ್ಷ ತಲುಪಿದ ಕೂಡಲೇ, ಡೇರೆ ಹಾಕುವುದಕ್ಕೂ ಮೊದಲು, ಹಾರ್ಲನ್ ಅದರಲ್ಲಿ ಆ ವರ್ಷವನ್ನು ಕೆತ್ತುತ್ತಿದ್ದ. ಪಕ್ಕದಲ್ಲಿ ಅವನ ಹೆಸರಿನ ಮೊದಲ ಅಕ್ಷರ, ಅದರ ಪಕ್ಕ ನನ್ನದು. ನಾನು ಹೋಗುವುದನ್ನು ನಿಲ್ಲಿಸಿದ ಮೇಲೂ ನನ್ನ ಅಕ್ಷರದ ಜಾಗವನ್ನು ಖಾಲಿ ಬಿಡುತ್ತಿದ್ದನಂತೆ. ಅವನು ಹೇಳುತ್ತಿದ್ದ, ನಾನು ತಮಾಷೆ ಅಂದುಕೊಂಡಿದ್ದೆ.

ಮರದ ಹತ್ತಿರ ಹೋಗಿ ಮೇಲಿನಿಂದ ಓದುತ್ತಾ ಬಂದೆ. 1979, ಏಳಿಗೆ ಅಡ್ಡಗೆರೆ. ಎರಡಕ್ಷರ. 1987, ಅಲ್ಲೂ ಗೆರೆ. 1997, ಅದಕ್ಕೂ ಗೆರೆ. 1999ರಿಂದ ಒಂದೇ ಅಕ್ಷರ, ಪಕ್ಕದಲ್ಲಿ ಒಂದು ಬೆರಳಷ್ಟು ಬರಿ ತೊಗಟೆ. ಪ್ರತಿ ವರ್ಷವೂ. 2007, ಗೆರೆ ಇದೆ.

ಅದರ ಕೆಳಗೆ 2008 ಇತ್ತು.

ರಾಸ್ ನನ್ನ ಹಿಂದೆ ಬಂದು ನಿಂತ. “ಹಾಗಾದ್ರೆ ಇಲ್ಲಿಗೆ ಬಂದಿದ್ದ” ಎಂದ. ಆ ಅಂಕಿಗಳ ಮೇಲೆ ಬೆರಳಾಡಿಸಿ, “ಇಲ್ಲಿಗೆ ನಾವೂ ಬಂದಿದ್ವಿ ಟ್ವೈಲಾ. ಸೊಂಟದ ತನಕ ಹಿಮ. ಡೇರೆ ಇಲ್ಲ ಅಂತ ನೋಡಿ ತಿರುಗಿದ್ವಿ. ಮರ ಯಾರು ನೋಡ್ತಾರೆ?” ಎಂದ.

ಅವನ ತಪ್ಪಲ್ಲ. ಆ ಒಂಬತ್ತು ದಿನ ಅವರು ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಟ್ಟಿದ್ದೆ. ಕೋಟಿನ ಬಣ್ಣ ಹೇಳಿದೆ, ಬೂಟಿನ ಅಳತೆ ಹೇಳಿದೆ, ಕುದುರೆಯ ಹೆಸರು ಹೇಳಿದೆ. ಮರದ ವಿಷಯ ಹೇಳಲಿಲ್ಲ. ಅದು ಗೊತ್ತಿದ್ದವಳು ನಾನೊಬ್ಬಳೇ. ನೆನಪಾಗಲಿಲ್ಲ, ಏಳಿನ ಗೆರೆ ನೆನಪಾಗದ ಹಾಗೆಯೇ. ಬಡಗಣದಲ್ಲಿ ಒಂಬತ್ತು ದಿನ ಹುಡುಕಿದರು. ಅವನು ಇದ್ದದ್ದು ತೆಂಕಣದಲ್ಲಿ, ನಮ್ಮ ಜಾಗದ ಸುತ್ತಮುತ್ತ ಎಲ್ಲೋ.

ಮುಂದಿನ ಎರಡು ದಿನ ನಾವು ತೆಂಕಣ ಬದಿಯನ್ನೆಲ್ಲ ನಡೆದೆವು. ನಾಲ್ಕು ಚಳಿಗಾಲ ಕಳೆದಿದೆ. ಏನೂ ಇಲ್ಲ.

ಕೆಳಗೆ ಇಳಿಯುವ ಬೆಳಿಗ್ಗೆ ರಾಸ್ ತನ್ನ ಚಾಕು ಬಿಚ್ಚಿ ನನ್ನ ಕೈಗಿಟ್ಟ. 2008ರ ಪಕ್ಕದ ಖಾಲಿ ಜಾಗ ತೋರಿಸಿ, “ಕೆತ್ತಿಬಿಡಮ್ಮಾ. ನಿನಗಂತಲೇ ಬಿಟ್ಟಿದ್ದಾನೆ” ಎಂದ.

ಚಾಕುವಿನ ತುದಿಯನ್ನು ತೊಗಟೆಗೆ ಇಟ್ಟೆ. ಆಮೇಲೆ ಮಡಚಿ ಅವನಿಗೇ ಕೊಟ್ಟೆ.

ಆ ವರ್ಷ ನಾನು ಬಂದಿರಲಿಲ್ಲ, ಆರ್ಡಿಸ್.

ಟ್ವೈಲಾ